ಎರಡು ಡೈಮಂಡಿನ ಅರ್ಥ

ಎದುರಿನ ಕುರ್ಚಿಯಲ್ಲಿ ಹೆಂಡತಿ ಇಲ್ಲ ಎನ್ನುವುದಕ್ಕೆ ಅವನ ಕಣ್ಣು ಇನ್ನೂ ಒಗ್ಗಿರಲಿಲ್ಲ. ಇಸ್ಪೀಟಿನ ಎಲೆಗಳನ್ನು ಜೋಡಿಸಿಕೊಂಡು ತಲೆಯೆತ್ತಿದಾಗಲೆಲ್ಲ ಅದು ಅವಳ ತುಸು ವಾಲಿದ ಕನ್ನಡಕವನ್ನೇ ಹುಡುಕುತ್ತಿತ್ತು; ಸಿಗುತ್ತಿದ್ದದ್ದು ಮೇಷ್ಟ್ರ ಬೋಳುತಲೆ. ಮೇಷ್ಟ್ರು ಒಂದು ಕಾಲಕ್ಕೆ ಸಂಜೆ ಪಾಲಿಟೆಕ್ನಿಕ್ಕಿನಲ್ಲಿ ಅವನಿಗೆ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸಿದವರು, ಈಗ ನಿವೃತ್ತರು, ಬ್ರಿಜ್ ಕ್ಲಬ್ಬಿನಲ್ಲಿ ಅವನ ಹೊಸ ಜೊತೆಗಾರ. ಹೆಂಡತಿ ಎರಡು ಮೇಜು ಆಚೆ, ಕಿಟಕಿಯ ಪಕ್ಕ, ಹಲ್ಲಿನ ಡಾಕ್ಟರ ಎದುರು ಕೂತಿದ್ದಳು. ಬಿಸಿಲು ಅವಳ ಒಂದು ಕೆನ್ನೆಯ ಮೇಲೆ ಮಾತ್ರ ಬಿದ್ದಿತ್ತು. ಡಾಕ್ಟರು ಏನೋ ಅಂದರು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ, ಕೆಮ್ಮಿದಳೋ? ನಕ್ಕಿದ್ದರೆ ಯಾವುದಕ್ಕೆ? ತನ್ನ ಜೊತೆ ಆಡುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದದ್ದು ಅವನಿಗೆ ನೆನಪಿಲ್ಲ. ಆ ಹಲ್ಲುಗಳನ್ನು ಅಡ್ಡಕ್ಕೆ, ಉದ್ದಕ್ಕೆ, ಬುಡದವರೆಗೆ ನೋಡಿರುವ ಮನುಷ್ಯನ ಎದುರು ಈಗ ಯಾಕೆ ಮುಚ್ಚಿಕೊಳ್ಳಬೇಕು ಎಂದು ಯೋಚಿಸಿ, ಯೋಚಿಸಿದ್ದಕ್ಕೆ ನಾಚಿ, ಯಾವ ಎಲೆ ಎಸೆಯಬೇಕೆಂಬುದನ್ನೇ ಮರೆತ.

"ಏನಯ್ಯಾ, ಲಿಫ್ಟು ಮಧ್ಯದಲ್ಲೇ ನಿಂತುಬಿಡ್ತಾ?" ಎಂದರು ಮೇಷ್ಟ್ರು.

ಅವನು ಲಿಫ್ಟ್ ತಪಾಸಣೆಗಾರ. ಕಟ್ಟಡದಿಂದ ಕಟ್ಟಡಕ್ಕೆ ಹೋಗಿ ಉಕ್ಕಿನ ಹಗ್ಗ, ಬ್ರೇಕು, ಬಾಗಿಲಿನ ಕೊಂಡಿ ನೋಡಿ, ಸರಿಯಿದೆ ಎಂದು ಸಹಿ ಹಾಕಿ ಬರುವುದು ಕೆಲಸ. ಸಹಿ ಹಾಕಿ ಬೀದಿಗಿಳಿದ ಮೇಲೆ ಮತ್ತೆ ಹತ್ತಿ ಹೋಗಿ ಹಗ್ಗ ಮುಟ್ಟಿ ನೋಡಿದ್ದುಂಟು. ಕಾವಲುಗಾರರು ಅವನ ಬೆನ್ನ ಹಿಂದೆ ನಗುತ್ತಾರೆಂದು ಗೊತ್ತಿದ್ದೂ ಹೋಗುತ್ತಿದ್ದ. ಮೇಷ್ಟ್ರ ಮಾತಿಗೆ ಮೇಜಿನವರೆಲ್ಲ ನಕ್ಕಾಗ ಅವನೂ ನಕ್ಕು, ಗಡಿಬಿಡಿಯಲ್ಲಿ ಒಂದು ಎಲೆ ಹಾಕಿದ. ಅದು ತಪ್ಪು ಎಲೆಯಾಗಿರಲಿಲ್ಲ. ಆದರೂ ಮುಂದಿನ ಸುತ್ತು ಮುಗಿಯುವ ತನಕ ಅದೇ ತಲೆ ತಿಂದಿತು.

ಬ್ರಿಜ್ ಎಂದರೇನು ಎಂದು ಕಚೇರಿಯಲ್ಲಿ ಯಾರಾದರೂ ಕೇಳಿದರೆ ಅವನು ಹೀಗೆ ಹೇಳುತ್ತಿದ್ದ: ನಾಲ್ಕು ಜನ, ಎರಡು ಜೋಡಿ, ಜೋಡಿಯವರು ಎದುರುಬದುರು. ಯಾರೂ ತಮ್ಮ ಎಲೆ ತೋರಿಸುವ ಹಾಗಿಲ್ಲ, ಬಾಯಿಬಿಟ್ಟು ಹೇಳುವ ಹಾಗಿಲ್ಲ. ಆಟಕ್ಕೆ ಮುಂಚೆ ಒಂದು ಹರಾಜು ನಡೆಯುತ್ತದೆ. ಪುಟ್ಟ ಪೆಟ್ಟಿಗೆಯಿಂದ ಒಂದು ಹಾರ್ಟ್, ಎರಡು ಸ್ಪೇಡ್ ಎಂದು ಬರೆದ ಚೀಟಿ ತೆಗೆದು ಮೇಜಿನ ಮೇಲಿಡಬೇಕು. ಅದಕ್ಕೆ ಬಿಡ್ ಎನ್ನುತ್ತಾರೆ. ಮೇಲ್ನೋಟಕ್ಕೆ ಅದು ಬೆಲೆ ಕೂಗುವುದು. ನಿಜಕ್ಕೂ ಅದು ಎದುರು ಕೂತ ಜೊತೆಗಾರನಿಗೆ 'ನನ್ನ ಕೈ ಹೀಗಿದೆ' ಎಂದು ಹೇಳುವ ಭಾಷೆ. ಆ ಭಾಷೆಯನ್ನು ಪ್ರತಿಯೊಂದು ಜೋಡಿಯೂ ತಮ್ಮತಮ್ಮಲ್ಲೇ ಮೊದಲು ಮಾತಾಡಿಕೊಂಡಿರುತ್ತದೆ. ಆದರೆ ಗುಟ್ಟು ನಡೆಯುವುದಿಲ್ಲ. ಎದುರಾಳಿ ಯಾವಾಗ ಬೇಕಾದರೂ 'ಇದರ ಅರ್ಥ ಏನು' ಎಂದು ಕೇಳಬಹುದು. ಉತ್ತರ ಹೇಳಬೇಕಾದವರು ಬಿಡ್ ಇಟ್ಟವರಲ್ಲ, ಅವರ ಜೊತೆಗಾರ. ಇಟ್ಟವರು ತುಟಿಪಿಟಕ್ಕೆನ್ನದೆ ಕೂರಬೇಕು, ವಿವರಣೆ ತಪ್ಪಿದ್ದರೂ ಮುಖ ಅಲ್ಲಾಡಬಾರದು. ಇಷ್ಟು ಹೇಳುವಷ್ಟರಲ್ಲಿ ಕೇಳಿದವರಿಗೆ ಆಕಳಿಕೆ ಬಂದಿರುತ್ತಿತ್ತು. ಅವನಿಗೆ ಮಾತ್ರ ಆ ನಿಯಮ ಯಾವತ್ತೂ ಬಹಳ ಹಿತವೆನಿಸಿತ್ತು: ನಾನು ಹೇಳಿದ್ದರ ಅರ್ಥವನ್ನು ನನ್ನ ಪರವಾಗಿ ಹೇಳಲು ಒಬ್ಬಳು ಇದ್ದಾಳೆ, ಅವಳು ಹೇಳಿದ್ದರ ಅರ್ಥ ಹೇಳಲು ನಾನಿದ್ದೇನೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ತಕರಾರಿಲ್ಲದೆ ನಡೆದುಕೊಂಡು ಬಂದದ್ದು ಅದೊಂದೇ ಇರಬೇಕು.

"ಈ ಸಲದ ಪಂದ್ಯಕ್ಕೆ ಡಾಕ್ಟರ ಜೊತೆ ಆಡ್ತೀನಿ ಅಂದ್ಕೊಂಡಿದ್ದೀನಿ, ನಿಮಗೆ ಬೇಜಾರಿಲ್ಲ ತಾನೇ?" ಎಂದು ಅವಳು ಕೇಳಿದ್ದು ಬಟ್ಟೆ ಮಡಚುತ್ತ. "ನನಗೇನು ಬೇಜಾರು" ಎಂದಿದ್ದ. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳೇನೋ ಎನ್ನುವ ಹೆದರಿಕೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಇಡೀ ದಿನ ಬೇರೆಯವರ ರಕ್ತದಲ್ಲಿ ಏನಿದೆ ಎಂದು ನೋಡುತ್ತಾಳೆ, ಎದುರಿಗೆ ನಿಂತ ರೋಗಿ ಎಷ್ಟು ಗೋಗರೆದರೂ 'ಡಾಕ್ಟರ್ ಹೇಳ್ತಾರೆ' ಎಂದಷ್ಟೇ ಅನ್ನುತ್ತಾಳೆ. ಮನೆಯಲ್ಲೂ ಅವಳ ಮುಖ ಅದೇ ಮುಖವಾಗುತ್ತಿದೆಯೇ ಎಂದು ಅವನು ಹಲವು ಸಲ ಅಂದುಕೊಂಡಿದ್ದ. ಅವಳಿಗೆ ತನ್ನ ಬಗ್ಗೆ ಏನೋ ಫಲಿತಾಂಶ ಗೊತ್ತಾಗಿದೆ, ಹೇಳುವ ಅಧಿಕಾರ ಮಾತ್ರ ಇಲ್ಲ.

ಡಾಕ್ಟರು ಆಡುವ ಪದ್ಧತಿಯೇ ಬೇರೆ. ಮೇಷ್ಟ್ರಿಂದ ಗಂಡ ಹೆಂಡತಿ ಇಬ್ಬರೂ ಕಲಿತ ಹಳೇ ಪದ್ಧತಿಯಲ್ಲಿ ಎರಡು ಡೈಮಂಡ್ ಎಂದು ಆರಂಭಿಸಿದರೆ ಅದರ ಅರ್ಥ ಎರಡು ಡೈಮಂಡೇ: ಕೈ ದುರ್ಬಲ, ಆದರೆ ಡೈಮಂಡ್ ಆರು ಎಲೆ ಇವೆ. ಡಾಕ್ಟರ ಪದ್ಧತಿಯಲ್ಲಿ ಅದೇ ಚೀಟಿಯ ಅರ್ಥ ಡೈಮಂಡ್ ಬಿಟ್ಟು ಬೇರೆ: ಹಾರ್ಟ್ ಅಥವಾ ಸ್ಪೇಡ್, ಯಾವುದೋ ಒಂದು ಆರು ಎಲೆ ಇದೆ, ಯಾವುದೆಂದು ಆಮೇಲೆ ತಿಳಿಯುತ್ತದೆ. "ಇರೋದನ್ನ ಇರೋ ಹಾಗೆ ಹೇಳೋಕೇನು ದಾಡಿ?" ಎಂದು ಅವನು ಊಟದ ಮೇಜಿನಲ್ಲಿ ಕೇಳಿದ್ದ. "ಎದುರಿನವರಿಗೆ ಕಷ್ಟ ಆಗ್ಲಿ ಅಂತ ರೀ" ಎಂದಿದ್ದಳು. ಅವಳಿಗೆ ಅದು ಕೈಹತ್ತಲಿಲ್ಲ. ಸಂಜೆ ಊಟವಾದ ಮೇಲೆ, "ಸ್ವಲ್ಪ ಎಲೆ ಹಂಚಿ, ಅಭ್ಯಾಸ ಮಾಡ್ಕೊಳ್ತೀನಿ" ಎಂದು ಕೂರುತ್ತಿದ್ದಳು. ಅವನು ಹಂಚುತ್ತಿದ್ದ. ಬೇರೊಬ್ಬನ ಜೊತೆ ಆಡಲು ತನ್ನ ಹೆಂಡತಿಯನ್ನು ತಾನೇ ತಯಾರು ಮಾಡುತ್ತಿದ್ದೇನಲ್ಲ ಎಂದು ಅನ್ನಿಸಿದರೂ, ಅಷ್ಟು ಹೊತ್ತಾದರೂ ಎದುರು ಕೂತಿರುತ್ತಾಳಲ್ಲ ಎಂದು ಹಂಚುತ್ತಿದ್ದ. ಡೈಮಂಡ್ ಆರು ಎಲೆ ಬಂದಾಗಲೆಲ್ಲ ಅವಳ ಕೈ ತಾನಾಗಿಯೇ ಎರಡು ಡೈಮಂಡಿಗೆ ಹೋಗುತ್ತಿತ್ತು. ಮೊದಲು, "ಅದು ನಮ್ಮದು, ಅವರದಲ್ಲ" ಎಂದು ತಿದ್ದಿದ್ದ. ಅವಳು ಹಣೆ ಚಚ್ಚಿಕೊಂಡು ನಕ್ಕಿದ್ದಳು. ಕಳೆದ ವಾರ ಮತ್ತೆ ಅದೇ ತಪ್ಪು ಮಾಡಿದಾಗ ಅವನು ತಿದ್ದಲಿಲ್ಲ. ಎಲೆಗಳನ್ನು ಒಟ್ಟುಮಾಡಿ, ಕಲೆಸಿ, ಮುಂದಿನದನ್ನು ಹಂಚಿದ. ತಿದ್ದದೇ ಇರಲು ಕಾರಣವಿರಲಿಲ್ಲ. ಬಾಯಿ ತೆರೆದಿದ್ದ, ಮಾತು ಹೊರಡಲಿಲ್ಲ, ಅಷ್ಟೇ. ಆ ಪದ್ಧತಿ ತನ್ನದಲ್ಲ, ಅದನ್ನು ಕಾಯುವುದು ತನ್ನ ಕೆಲಸವಲ್ಲ ಎಂದು ಆಮೇಲೆ ಹಾಸಿಗೆಯಲ್ಲಿ ಸಮಾಧಾನ ಹೇಳಿಕೊಂಡ. ಅವಳು ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಳು, ಅಥವಾ ನಿದ್ದೆ ಮಾಡುತ್ತಿದ್ದವಳ ಹಾಗೆ ಇದ್ದಳು.

ಅವನೂ ಮೇಷ್ಟ್ರೂ ಕೂತಲ್ಲೇ ಕೂತಿದ್ದರು. ಪ್ರತಿ ಸುತ್ತಿಗೂ ಹೊಸ ಜೋಡಿ ಬಂದು ಎರಡು ಆಟ ಆಡಿ ಮುಂದಿನ ಮೇಜಿಗೆ ಹೋಗುತ್ತಿತ್ತು. ಗೋಡೆಯ ಹಲಗೆಯ ಮೇಲೆ ಅಂಕ ಬರೆಯುತ್ತಿದ್ದರು. ಹೆಂಡತಿ ಮತ್ತು ಡಾಕ್ಟರು ಎಲ್ಲರಿಗಿಂತ ಮುಂದೆ, ಅವನೂ ಮೇಷ್ಟ್ರೂ ಕೂದಲೆಳೆಯಷ್ಟು ಹಿಂದೆ. ಮೊದಲು ಬಂದ ಜೋಡಿ ಕ್ಲಬ್ಬುಗಳ ನಡುವಿನ ದೊಡ್ಡ ಪಂದ್ಯಕ್ಕೆ ಹೋಗುತ್ತದೆ. ಬೇರೆ ಊರು, ಮೂರು ದಿನ, ಹೋಟೆಲು. ಅವಳು ಅದಕ್ಕಾಗಿ ಆಗಲೇ ಲ್ಯಾಬಿನಲ್ಲಿ ರಜೆ ಕೇಳಿ ಇಟ್ಟಿದ್ದಳು. ಗೆಲ್ಲುವ ಮುಂಚೆಯೇ ರಜೆ ಕೇಳಿದ್ದು ಯಾಕೆ? ಗೆದ್ದೇ ಗೆಲ್ಲುತ್ತೇವೆಂದು ಅಷ್ಟು ಖಾತರಿ ಕೊಟ್ಟವರು ಯಾರು?

"ಬಂದ್ವಿ ಯಜಮಾನ್ರೇ, ಪರೀಕ್ಷೆಗೆ" ಎನ್ನುತ್ತ ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಅಗಲ ಮುಖದ, ಸದಾ ಸೋಪಿನ ವಾಸನೆಯ ಮನುಷ್ಯ. ಹೆಂಡತಿ ಅವನ ಬಲಗಡೆ ಕೂತಳು. ಅವಳ ಮೊಣಕೈ ಅವನ ಮೊಣಕೈಗೆ ತಾಗಿತು. ಇಬ್ಬರೂ ಒಟ್ಟಿಗೆ ಹಿಂದಕ್ಕೆ ಎಳೆದುಕೊಂಡರು, ಬಸ್ಸಿನಲ್ಲಿ ಅಪರಿಚಿತರು ಎಳೆದುಕೊಳ್ಳುವ ಹಾಗೆ.

"ಡಾಕ್ಟರೇ, ನಮ್ಮ ಹಲ್ಲು ಎಣಿಸ್ಬೇಡಿ, ಎಲೆ ಎಣಿಸಿ" ಎಂದರು ಮೇಷ್ಟ್ರು.

"ನಿಮ್ಮ ಹಲ್ಲು ಎಣಿಸೋಕೆ ಎಷ್ಟು ಹೊತ್ತು ಬೇಕು ಮೇಷ್ಟ್ರೇ, ಬೆರಳು ಸಾಕು."

ಮೊದಲ ಆಟ ಸಪ್ಪೆಯಾಗಿ ಮುಗಿಯಿತು. ಎರಡನೆಯದರಲ್ಲಿ ಆರಂಭಿಸುವ ಸರದಿ ಅವಳದು. ಅವನು ತನ್ನ ಎಲೆ ನೋಡಿಕೊಂಡ: ಸ್ಪೇಡ್ ಐದು, ಮೇಲಿನ ಎರಡು ದೊಡ್ಡವೂ ತನ್ನಲ್ಲೇ, ಒಳ್ಳೆಯ ಕೈ. ಓರೆಗಣ್ಣಿಗೆ ಅವಳ ಬೆರಳು ಕಾಣುತ್ತಿತ್ತು. ಹೊಸ ಪದ್ಧತಿಯ ಬಿಡ್ ಆದರೆ ಅವಳ ಹೆಬ್ಬೆರಳು ಮೊದಲು ಪೆಟ್ಟಿಗೆಯ ಅಂಚನ್ನು ಸವರುತ್ತದೆ, ಪಾಠ ಒಪ್ಪಿಸುವ ಹುಡುಗಿಯ ಹಾಗೆ. ಈಗ ಸವರಲಿಲ್ಲ. ನೇರವಾಗಿ ಹೋಗಿ, ಅಡುಗೆಮನೆಯಲ್ಲಿ ಕತ್ತಲಲ್ಲೂ ಉಪ್ಪಿನ ಡಬ್ಬಿ ತೆಗೆಯುವ ಕೈಯ ಹಾಗೆ, ಎರಡು ಡೈಮಂಡನ್ನು ತೆಗೆದು ಮೇಜಿನ ಮೇಲಿಟ್ಟಿತು. ಅವನಿಗೆ ತಕ್ಷಣ ಗೊತ್ತಾಯಿತು. ಅದು ನಮ್ಮದು. ಅವಳ ಕೈಯಲ್ಲಿ ಆರು ಡೈಮಂಡ್ ಇದೆ. ಎದೆಯಲ್ಲಿ ಏನೋ ಬಿಸಿ ಹರಿಯಿತು. ಡಾಕ್ಟರು, ಈ ಬಿಡ್‌ಗೆ ಬೇರೆ ಅರ್ಥವಿದೆ ಎಂದು ಎಚ್ಚರಿಸುವ ನೀಲಿ ಚೀಟಿಯನ್ನು ತಟ್ಟಿದರು.

ಅವನು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದ. "ಅದರ ಅರ್ಥ ಏನು ಡಾಕ್ಟರೇ?"

"ದುರ್ಬಲ ಕೈ. ಹಾರ್ಟ್ ಇಲ್ಲಾ ಸ್ಪೇಡ್, ಎರಡರಲ್ಲಿ ಒಂದು, ಆರು ಎಲೆ. ಯಾವುದು ಅಂತ ನನಗೂ ಇನ್ನೂ ಗೊತ್ತಿಲ್ಲ."

ಪಕ್ಕದಲ್ಲಿ ಅವಳ ಉಸಿರು ನಿಂತದ್ದು ಅವನಿಗೆ ಕೇಳಿಸಿತು. ಕೇಳಿಸಿತೋ, ಕೇಳಿಸಿತೆಂದು ಅಂದುಕೊಂಡನೋ. ತನ್ನ ಹೆಂಡತಿ ಹೇಳಿದ್ದರ ಅರ್ಥವನ್ನು ಪರರ ಬಾಯಲ್ಲಿ ಕೇಳಬೇಕು, ಅವಳು ಪಕ್ಕದಲ್ಲೇ ಕೂತು ಸುಮ್ಮನಿರಬೇಕು, ಮತ್ತು ಆ ಅರ್ಥ ತಪ್ಪು ಎಂದು ಗೊತ್ತಿರುವುದು ಮೇಜಿನಲ್ಲಿ ಅವರಿಬ್ಬರಿಗೆ ಮಾತ್ರ. ಒಂದು ಕ್ಷಣ ಅದು ಹಳೆಯ ಅನ್ಯೋನ್ಯದ ಹಾಗೆಯೇ ಇತ್ತು. ಆ ಕ್ಷಣ ಅವನು ಎರಡು ಸ್ಪೇಡ್ ಇಟ್ಟಿದ್ದರೆ ಆಗುತ್ತಿತ್ತು. ಎದುರಾಳಿಯ ಕೈ ಹೋದ ರೀತಿ ನೋಡಿ ಊಹೆ ಮಾಡುವುದಕ್ಕೆ ನಿಯಮ ಅಡ್ಡಿ ಬರುವುದಿಲ್ಲ. ತಪ್ಪಿದರೆ ತನ್ನ ಪಾಡು, ಅಷ್ಟೇ. ಕೈ ಪೆಟ್ಟಿಗೆಯವರೆಗೆ ಹೋಯಿತು. ಆಗ ತೋರಿತು: ಡಾಕ್ಟರ ಮಾತನ್ನು ನಂಬಿದವನ ಹಾಗೆ ಸುಮ್ಮನಿದ್ದರೆ? ಅವಳ ಬಳಿ ಸ್ಪೇಡ್ ಇರಬಹುದು ಎಂದು ನಂಬಿದವನು ಸ್ಪೇಡ್ ಕೂಗುವುದಿಲ್ಲ. ಆಗ ಡಾಕ್ಟರು ಏನು ಮಾಡುತ್ತಾರೆ ನೋಡೋಣ. ಡಾಕ್ಟರಿಗೂ ಆ ಕೈಯ ಭಾಷೆ ಗೊತ್ತೇ? ಅದು ಗೊತ್ತಾಗಬೇಕಿತ್ತು ಅವನಿಗೆ, ಆಟಕ್ಕಿಂತ, ಅಂಕಕ್ಕಿಂತ. ಈ ಸಲ ಏನೂ ಕೂಗುವುದಿಲ್ಲ ಎನ್ನುವ ಹಸಿರು ಪಾಸ್ ಚೀಟಿ ಇಟ್ಟ.

ಡಾಕ್ಟರು ತಮ್ಮ ಎಲೆ ನೋಡಿದರು, ಚಾವಣಿ ನೋಡಿದರು, ಮತ್ತು ಪಾಸ್ ಇಟ್ಟರು.

ಮೇಷ್ಟ್ರ ಹುಬ್ಬು ಮೇಲೇರಿತು. ಹಾರ್ಟ್ ಅಥವಾ ಸ್ಪೇಡ್ ಇದೆ ಎಂದು ತಾವೇ ಹೇಳಿ, ಡೈಮಂಡಿನಲ್ಲೇ ಬಿಟ್ಟುಬಿಡುವುದೆಂದರೆ? ಆದರೂ ಅವರು ಅನುಮಾನದ ಮನುಷ್ಯರಲ್ಲ, ಪಾಸ್ ಎಂದರು. ಹರಾಜು ಅಲ್ಲಿಗೆ ನಿಂತಿತು. ಡಾಕ್ಟರು ತಮ್ಮ ಎಲೆಗಳನ್ನು ನಿಯಮದ ಪ್ರಕಾರ ಬಿಚ್ಚಿ ಮೇಜಿನ ಮೇಲೆ ಹಾಸಿದರು: ಡೈಮಂಡ್ ಬರೀ ಮೂರು, ಉಳಿದದ್ದು ಕಸ. ಮೂರು ಡೈಮಂಡ್ ಹಿಡಿದು ಈ ಮನುಷ್ಯ ಅಲ್ಲೇ ನಿಂತ. ನಿಂತದ್ದು ಹೇಗೆ? ಗೊತ್ತಿಲ್ಲದೆ ನಿಲ್ಲುತ್ತಾರೆಯೇ? ಅವಳು ಬೇಗಬೇಗ ಆಡಿ, ನಾಲ್ಕು ನಾಲ್ಕು ಎಲೆಯ ಹದಿಮೂರು ಪಟ್ಟುಗಳಲ್ಲಿ ತನಗೆ ಬೇಕಿದ್ದ ಎಂಟನ್ನು ಗೆದ್ದುಕೊಂಡಳು. ಒಂದೇ ಹಂಚಿಕೆಯ ಎಲೆಗಳನ್ನು ಎಲ್ಲ ಮೇಜುಗಳಲ್ಲೂ ಆಡಿಸುವ ಪಂದ್ಯ ಇದು; ಬೇರೆ ಮೇಜುಗಳಲ್ಲಿ ಇದೇ ಎಲೆ ಹಿಡಿದವರು ಸ್ಪೇಡಿನಲ್ಲಿ ದೊಡ್ಡ ಆಟ ಆಡಿ ಅಂಕ ಬಾಚಿಕೊಂಡಿರುತ್ತಾರೆ. ಅವನಿಗೂ ಮೇಷ್ಟ್ರಿಗೂ ಸೊನ್ನೆ.

"ಅಮ್ಮಾ ತಾಯೀ, ನಿಮ್ಮ ಹಾರ್ಟ್ ಎಲ್ಲಿ, ಸ್ಪೇಡ್ ಎಲ್ಲಿ?" ಎಂದರು ಮೇಷ್ಟ್ರು.

"ಮರ್ತೆ ಮೇಷ್ಟ್ರೇ. ಹಳೇದನ್ನೇ ಇಟ್ಬಿಟ್ಟೆ. ತಪ್ಪಾಯ್ತು."

"ಹೋಗ್ಲಿ ಬಿಡಿ, ಮರೆವು ನನ್ನದು ಮಾತ್ರ ಅಂದ್ಕೊಂಡಿದ್ದೆ."

ಅಲ್ಲಿಗೆ ಮುಗಿಯಬಹುದಿತ್ತು. ಅವನ ಕೈ ಮೇಲೆ ಹೋಗಿತ್ತು. "ಡೈರೆಕ್ಟರ್" ಎಂದು ಕರೆದ ಧ್ವನಿ ಶಾಲೆಯಲ್ಲಿ ಪಕ್ಕದವನ ಮೇಲೆ ದೂರು ಹೇಳುವ ಹುಡುಗನದರ ಹಾಗಿತ್ತು. ಸುತ್ತಲಿನ ಮೇಜುಗಳು ತಲೆಯೆತ್ತಿದವು. ಹೆಂಡತಿ ಅವನ ಕಡೆ ತಿರುಗಲಿಲ್ಲ.

ಪಂದ್ಯದ ತಕರಾರುಗಳನ್ನು ತೀರ್ಮಾನಿಸುವ ಹೆಂಗಸನ್ನು ಎಲ್ಲರೂ ಡೈರೆಕ್ಟರಮ್ಮ ಎನ್ನುತ್ತಿದ್ದರು. ಹಿಂದೆ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಯನ್ನು ಬೆರಳಚ್ಚು ಮಾಡುತ್ತಿದ್ದವರು. ನಾಲ್ವರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದರ ಮೇಲೊಂದು ಪೇರಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಒಂದು ರೆಕ್ಕೆ ಕಳಚಿದ ಫ್ಯಾನು. ಯಾರೂ ಕೂರಲಿಲ್ಲ.

"ಮರೆಯೋದು ತಪ್ಪಲ್ಲ" ಎಂದರು ಡೈರೆಕ್ಟರಮ್ಮ. "ಮೇಡಂ ಮರೆತರು, ಡಾಕ್ಟರು ಒಪ್ಪಂದದಲ್ಲಿ ಇದ್ದದ್ದನ್ನ ಹೇಳಿದ್ರು. ಅಷ್ಟೇ ಆಗಿದ್ರೆ ನಾನು ಇಲ್ಲಿ ತನಕ ಬರ್ತಾನೇ ಇರ್ಲಿಲ್ಲ. ಆದರೆ ಮೇಡಂ ಇದನ್ನ ಮರೀತಾರೆ ಅಂತ ಡಾಕ್ಟರಿಗೆ ಮುಂಚೆನೇ ಗೊತ್ತಿದ್ದು, ಎದುರಿನವರಿಗೆ ಗೊತ್ತಿಲ್ಲದೆ ಹೋದ್ರೆ, ಅದು ಒಂದು ಗುಟ್ಟಿನ ಒಪ್ಪಂದ ಆಗುತ್ತೆ. ಡಾಕ್ಟರೇ, ಮೂರು ಡೈಮಂಡ್ ಇಟ್ಕೊಂಡು ಯಾಕೆ ಪಾಸ್ ಮಾಡಿದ್ರಿ?"

"ಕೈಯಲ್ಲಿ ಏನಿತ್ತು ಮಾಡೋಕೆ? ಬಾಯಿ ಬಿಟ್ಟಷ್ಟೂ ಏಟು. ಸುಮ್ಮನೆ ಅಲ್ಲೇ ಕೂತೆ. ಜೂಜು, ಒಪ್ಕೊಳ್ತೀನಿ." ಡಾಕ್ಟರ ಕಿವಿ ಕೆಂಪಾಗಿತ್ತು. ಅದು ಸಿಟ್ಟೋ, ಸಿಕ್ಕಿಬಿದ್ದ ಕೆಂಪೋ ಎಂದು ಅವನು ನೋಡುತ್ತಿದ್ದ. "ಮತ್ತೆ ಇನ್ನೊಂದು ಮಾತು ಮೇಡಂ. ಇವರು ಗಂಡ. ಒಂದೇ ಮನೇಲಿರೋರು, ಇಷ್ಟು ವರ್ಷ ಜೊತೆಗೆ ಆಡಿದವರು. ಹಳೇ ಬಿಡ್ ಬಂದಿದೆ ಅಂತ ನನಗೆ ಗೊತ್ತಾಗೋ ಹಾಗಿದ್ರೆ, ಇವರಿಗೆ ನನಗಿಂತ ಮೊದಲು ಗೊತ್ತಾಗ್ಬೇಕಲ್ಲ? ಗೊತ್ತಿದ್ದೂ ಸುಮ್ಮನಿದ್ದು ಆಮೇಲೆ ದೂರು ಕೊಡೋದು ಯಾವ ನ್ಯಾಯ?"

"ಮಾತು ಸರಿ" ಎಂದು ಡೈರೆಕ್ಟರಮ್ಮ ಅವನ ಕಡೆ ತಿರುಗಿದರು. "ನಿಮಗೆ ಗೊತ್ತಿತ್ತಾ? ಗೊತ್ತಿತ್ತು ಅಂದ್ರೆ ನಿಮಗೆ ಮೋಸ ಆಗಿಲ್ಲ, ಅಂಕ ಇದ್ದ ಹಾಗೇ ಇರುತ್ತೆ. ಗೊತ್ತಿರ್ಲಿಲ್ಲ ಅಂದ್ರೆ ನಾನು ಅದನ್ನ ಬದಲಾಯಿಸ್ಬೇಕಾಗುತ್ತೆ."

ಗೊತ್ತಿತ್ತು ಎನ್ನಲು ಅವನು ಬಾಯಿ ತೆರೆದ. ನಿಜವಾಗಿ ತೆರೆದ, ಅದನ್ನು ಆಮೇಲೆ ಎಷ್ಟೋ ಸಲ ನೆನೆದು ಖಾತ್ರಿಮಾಡಿಕೊಂಡ. ಆದರೆ ಗೊತ್ತಿತ್ತು ಎಂದರೆ ಮುಂದಿನ ಪ್ರಶ್ನೆ, ಮತ್ತೆ ಯಾಕೆ ಕೇಳಿದಿರಿ, ಯಾಕೆ ಸುಮ್ಮನಿದ್ದಿರಿ, ಯಾಕೆ ಕೈ ಎತ್ತಿದಿರಿ. ಅದಕ್ಕೆ ಉತ್ತರ ಈ ಕೋಣೆಯಲ್ಲಿ ಹೇಳುವಂಥದ್ದಲ್ಲ. ಡಾಕ್ಟರ ಸೋಪಿನ ವಾಸನೆ, ಮೇಷ್ಟ್ರ ನಂಬಿಕೆಯ ಮುಖ, ಹೆಂಡತಿಯ ಚಪ್ಪಲಿಯ ಬಾರಿನಿಂದ ಹೊರಗಿಣುಕಿದ ಕಿರುಬೆರಳು. ಆ ಬೆರಳನ್ನೇ ನೋಡುತ್ತ, "ಇಲ್ಲ" ಎಂದ. "ಗೊತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನ ನಂಬಿದೆ."

"ಮೇಡಂ, ನೀವು ಈ ಹೊಸ ಬಿಡ್ ಮನೇಲಿ ಅಭ್ಯಾಸ ಮಾಡಿದ್ರಾ? ಇವರ ಎದುರಿಗೆ ಯಾವಾಗಲಾದ್ರೂ ಹೀಗೆ ಮರೆತಿದ್ದುಂಟಾ?"

ಅವನಿಗೆ ಊಟದ ಮೇಜಿನ ಮೇಲಿನ ಎಣ್ಣೆಬಟ್ಟೆ ಕಂಡಿತು, ಅವಳು ಹಣೆ ಚಚ್ಚಿಕೊಂಡು ನಕ್ಕದ್ದು ಕಂಡಿತು. ಅವಳು ಹೌದು ಎಂದರೆ ಸಾಕು. ಅವಳ ಅಂಕ ಉಳಿಯುತ್ತದೆ, ಪ್ರಯಾಣ ಉಳಿಯುತ್ತದೆ, ಅವನು ಮೂರು ಜನರ ಮುಂದೆ ಏನಾಗಬೇಕೋ ಅದಾಗುತ್ತಾನೆ. ಅವನು ಅದಕ್ಕೇ ಕಾಯುತ್ತಿದ್ದ. ಹೆಚ್ಚುಕಡಿಮೆ ಆಸೆಯಿಂದಲೇ ಕಾಯುತ್ತಿದ್ದ, ಹಲ್ಲು ಕೀಳುವುದು ಒಮ್ಮೆ ಮುಗಿದುಹೋಗಲಿ ಎಂದು ಕಾಯುವವನ ಹಾಗೆ.

"ಇಲ್ಲ" ಎಂದಳು ಅವಳು. ಯೋಚಿಸಲಿಲ್ಲ. "ಮನೇಲಿ ನಾವು ಇಸ್ಪೀಟಿನ ಮಾತು ಆಡೋದೇ ಇಲ್ಲ. ಇವರಿಗೆ ಗೊತ್ತಿರೋಕೆ ಸಾಧ್ಯ ಇಲ್ಲ."

ಡಾಕ್ಟರು ಅವಳನ್ನು ನೋಡಿದರು, ಭುಜ ಹಾರಿಸಿದರು. ಯಾರಿಗೂ ದುರುದ್ದೇಶವಿರಲಿಲ್ಲ, ಆದರೆ ಅನುಮಾನ ಬಂದಾಗ ಅದರ ಲಾಭ ಎದುರಿನವರಿಗೆ ಹೋಗಬೇಕು ಎಂದು ಡೈರೆಕ್ಟರಮ್ಮ ತೀರ್ಪು ಹೇಳಿದರು. ಅಂಕ ಬದಲಾಯಿತು. ಹಲಗೆಯ ಮೇಲೆ ಅವರ ಸಾಲು ಕೆಳಗಿಳಿದು ಅವನ ಸಾಲು ಮೇಲೆ ಬಂತು.

ಉಳಿದ ಸುತ್ತುಗಳಲ್ಲಿ ಅವನು ಎಂದೂ ಆಡದಷ್ಟು ಚೆನ್ನಾಗಿ ಆಡಿದ. ಎದುರಾಳಿಗಳ ಎಲೆಗಳು ಅವರ ಬೆನ್ನ ಹಿಂದಿನ ಕನ್ನಡಿಯಲ್ಲಿ ಕಂಡ ಹಾಗೆ ಕಾಣುತ್ತಿದ್ದವು. ಅದೇ ಅವನಿಗೆ ಹೇಸಿಗೆಯಾಯಿತು. ಕೈ ನಡುಗಿ ನಾಲ್ಕು ತಪ್ಪು ಮಾಡಿದ್ದರೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು. ಅವನು ಸುಳ್ಳು ಹೇಳಿದ್ದು ಹೆದರಿ. ಅವಳು ಯಾಕೆ ಹೇಳಿದಳು? ತನ್ನನ್ನು ಉಳಿಸಲು ಎಂದುಕೊಂಡರೆ ಆ ಭಾರ ತಡೆಯಲಾಗುತ್ತಿರಲಿಲ್ಲ. ಹಾಗಲ್ಲ, ಮನೆಯೊಳಗಿನದನ್ನು ಡಾಕ್ಟರ ಮುಂದೆ ಬಿಚ್ಚಲು ಅವಳಿಗೆ ಮನಸ್ಸಿಲ್ಲ, ಅಂದರೆ ಡಾಕ್ಟರ ಅಭಿಪ್ರಾಯ ಅವಳಿಗೆ ಅಷ್ಟು ಮುಖ್ಯ ಎಂದುಕೊಂಡರೆ ತುಸು ಹಗುರ. ಅನುಮಾನದಲ್ಲಿ ಅವನಿಗೆ ಒಂದು ಬಗೆಯ ಆರಾಮವಿತ್ತು. ಹಳೇ ಸ್ವೆಟರು, ಎಲ್ಲಿ ಹರಿದಿದೆ, ಎಲ್ಲಿ ತೋಳು ತೂರಿಸಬೇಕು, ಎಲ್ಲಾ ಗೊತ್ತು.

ಮುಗಿದ ಮೇಲೆ ಮೇಷ್ಟ್ರು ಬೆನ್ನು ತಟ್ಟಿದರು. "ಹೋಟೆಲಲ್ಲಿ ಕಿಟಕಿ ಪಕ್ಕದ ಹಾಸಿಗೆ ನನ್ನದು, ಈಗಲೇ ಹೇಳಿದೀನಿ. ಗೊರಕೆ ಹೊಡೆದ್ರೆ ದಿಂಬು ಎಸೀತೀನಿ." ಡಾಕ್ಟರು ದೂರದಿಂದಲೇ ತಲೆ ಆಡಿಸಿ ಹೊರಟುಹೋದರು. ಕುರ್ಚಿಗಳನ್ನು ಒಳಗೆ ಎಳೆಯುವ ಸದ್ದಿನ ಮಧ್ಯೆ ಅವನು ಡೈರೆಕ್ಟರಮ್ಮನ ಹತ್ತಿರ ಹೋದ. ಅವರು ಚೀಟಿಪೆಟ್ಟಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದರು.

"ಮೇಡಂ, ಆ ಎರಡು ಡೈಮಂಡ್... ನನ್ನ ದೂರನ್ನ ವಾಪಸ್ ತಗೊಳ್ಳಬಹುದಾ?"

"ಯಾಕೆ?"

"ನನಗೆ ಒಂದು ಥರ ಗೊತ್ತಿತ್ತು ಅನ್ಸುತ್ತೆ."

ಡೈರೆಕ್ಟರಮ್ಮ ಪೆಟ್ಟಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಅವನನ್ನು ನೋಡಿದರು. ಸಿಟ್ಟಿನಿಂದಲ್ಲ, ತಮ್ಮ ಹಳೇ ಕೆಲಸದ ಮುಖದಿಂದ. "ಒಂದು ಥರ ಅನ್ನೋದನ್ನ ನಾನು ಬರ್ಕೊಳ್ಳೋಕೆ ಆಗಲ್ಲ. ಗೊತ್ತಿತ್ತು ಅಂತೀರಾ? ಆಗ್ಲಿ. ಅಭ್ಯಾಸಾನೇ ಮಾಡಿಲ್ಲ, ಗೊತ್ತಿರೋಕೆ ಸಾಧ್ಯವೇ ಇಲ್ಲ ಅಂತ ನಿಮ್ಮ ಮನೆಯವರು ಹೇಳಿದ್ರು. ಹಾಗಾದ್ರೆ ಅವರು ಹೇಳಿದ್ದು ಸುಳ್ಳು ಅಂತ ಆಗುತ್ತೆ. ನಿಮ್ಮದನ್ನ ತಿದ್ದಿದ್ರೆ ಅವರದನ್ನೂ ತಿದ್ದಬೇಕು, ಕಮಿಟಿಗೂ ಹೇಳ್ಬೇಕು. ತಿದ್ದಲಾ?"

ಹಾಲಿನ ಆ ತುದಿಯಲ್ಲಿ ಅವಳು ಬಾಗಿಲ ಬಳಿ ನಿಂತು ಪರ್ಸಿನಲ್ಲಿ ಏನೋ ಹುಡುಕುತ್ತಿದ್ದಳು. ನಿಜ ಹೇಳುವ ಬಾಗಿಲು ಇನ್ನೂ ತೆರೆದೇ ಇತ್ತು. ಆದರೆ ಈಗ ಅದಕ್ಕೆ ಅಡ್ಡಲಾಗಿ ಅವಳಿದ್ದಳು, ಅವಳನ್ನು ತುಳಿದೇ ದಾಟಬೇಕಿತ್ತು. ಅವಳು ಇಲ್ಲ ಎಂದದ್ದು ಇದಕ್ಕೇ ಇರಬಹುದೇ, ತಾನು ಇನ್ನೆಂದೂ ಹೇಳಲಾಗದ ಹಾಗೆ ಕಟ್ಟಿಹಾಕಲು?

"ಬೇಡ" ಎಂದ.

ದಾರಿಯಲ್ಲಿ ಅವಳು ಟ್ಯಾಂಕ್ ತೊಳೆಯುವವರು ನಾಳೆ ಬರುತ್ತಾರೆ, ಬಕೆಟ್ಟುಗಳಲ್ಲಿ ನೀರು ಹಿಡಿದಿಡಬೇಕು ಎಂದಳು. ಆಟ ಮುಗಿಸಿ ನಡೆದು ಬರುವಾಗ ಒಂದೊಂದು ಎಲೆಯನ್ನೂ ಮತ್ತೆ ಆಡುವುದು ಅವರ ರೂಢಿ, ಪಾದಚಾರಿಗಳು ತಿರುಗಿ ನೋಡುವಷ್ಟು ಜೋರಾಗಿ. ಇವತ್ತು ಅವಳು ಬಕೆಟ್ಟುಗಳ ಬಗ್ಗೆ ಮಾತಾಡಿದಳು, ಲ್ಯಾಬಿನಲ್ಲಿ ರಜೆ ರದ್ದು ಮಾಡಲು ಯಾರಿಗೆ ಹೇಳಬೇಕು ಎಂಬುದರ ಬಗ್ಗೆ ಮಾತಾಡಿದಳು. ಔಷಧದ ಅಂಗಡಿ ದಾಟಿದ ಮೇಲೆ, ಅದೇ ದನಿಯಲ್ಲಿ, "ಬಿಡ್ ಇಟ್ಟ ಕೂಡ್ಲೇ ನನಗೆ ಗೊತ್ತಾಯ್ತು ತಪ್ಪಿದೆ ಅಂತ" ಎಂದಳು. "ಡಾಕ್ಟರ ಮುಖ ನೋಡೋ ಹಾಗಿಲ್ಲ. ಅದಕ್ಕೆ ನಿಮ್ಮ ಮುಖ ನೋಡ್ದೆ. ನೀವು ಎಲೆ ನೋಡ್ತಿದ್ರಿ."

ಅವನು ನಡಿಗೆ ನಿಧಾನ ಮಾಡಿದ.

"ಖುಷಿಯಾಗಿದ್ರಿ."

"ಹಾಗಲ್ಲ..."

"ನಾನು ತಪ್ಪು ಮಾಡಿದೆ ಅಂತ ಗೊತ್ತಾಗಿ ನೀವು ಇಷ್ಟು ಖುಷಿಯಾಗಿದ್ದನ್ನ ನಾನು ನೋಡೇ ಇರ್ಲಿಲ್ಲ. ಮದುವೆ ಫೋಟೋದಲ್ಲೂ ಅಷ್ಟು ಇಲ್ಲ." ಅವಳು ಸ್ವಲ್ಪ ನಕ್ಕಳು. ನಗುವಿನಲ್ಲಿ ಕೊಂಕು ಇದೆಯೇ ಎಂದು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಒಳ್ಳೆಯದಿತ್ತು.

"ಮತ್ತೆ ಅಲ್ಲಿ ಯಾಕೆ ಹಾಗೆ ಹೇಳ್ದೆ?"

"ಏನು ಹೇಳ್ಬೇಕಿತ್ತು? ಅವರೆಲ್ಲರ ಮುಂದೆ, ಇವರು ಸುಳ್ಳು ಹೇಳ್ತಿದ್ದಾರೆ ಅಂತಾನಾ? ಆಮೇಲೆ ಇದೇ ದಾರೀಲಿ ನಿಮ್ಮ ಪಕ್ಕ ನಡ್ಕೊಂಡು ಬರೋದು ಹೇಗೆ?" ಅಷ್ಟು ಹೇಳಿ ಅವಳು ಪಕ್ಕಕ್ಕೆ ಸರಿದು, ಎದುರಿನಿಂದ ಬಂದ ಕೈಗಾಡಿಗೆ ದಾರಿ ಬಿಟ್ಟಳು. ಗಾಡಿ ಇಬ್ಬರ ನಡುವೆ ಹಾದುಹೋಯಿತು. ಆಮೇಲೂ ಅವಳು ಆ ಬದಿಯಲ್ಲೇ ನಡೆದಳು.

ಕಟ್ಟಡದೊಳಗೆ ಅವನು ಲಿಫ್ಟಿಗೆ ಹೊಕ್ಕು ಬಾಗಿಲು ಎಳೆದು ಹಿಡಿದು ನಿಂತ. ಅವಳು ಬರಲಿಲ್ಲ. "ನೀವು ಹೋಗಿ. ನಾನು ಹತ್ತಿ ಬರ್ತೀನಿ" ಎಂದಳು. ಮೊಣಕಾಲು ನೋವೆಂದು ಒಂದು ಮಹಡಿಗೂ ಲಿಫ್ಟ್ ಹಿಡಿಯುವವಳು. ಹೊರಗೆ ಬಂದು ಅವಳ ಜೊತೆಗೇ ಹತ್ತಬೇಕೆಂದು ಅವನಿಗೆ ತೋಚುವಷ್ಟರಲ್ಲಿ ಕೈಬಿಟ್ಟ ಬಾಗಿಲು ಮುಚ್ಚಿತ್ತು. ಮೇಲೆ ಹೋಗಿ ಮನೆಯ ಮುಂದೆ ನಿಂತ. ಬೀಗದ ಕೈ ಅವಳ ಪರ್ಸಿನಲ್ಲಿತ್ತು. ಕೆಳಗಿನಿಂದ ಚಪ್ಪಲಿಯ ಸದ್ದು ಒಂದೊಂದೇ ಮೆಟ್ಟಿಲು ಏರಿ ಬರುತ್ತಿತ್ತು, ಅವಸರವಿಲ್ಲದೆ. ಒಂದು ಮಹಡಿ ಕೆಳಗೆ ಬಂದು ನಿಂತುಬಿಟ್ಟಿತು. ದಣಿವಿರಬಹುದು. ಫೋನ್ ಬಂದಿರಬಹುದು, ಯಾರದ್ದು? ಅಳುತ್ತಿರಬಹುದೇ? ಅವನು ಕಂಬಿಯ ಮೇಲೆ ಬಾಗಿ ನೋಡಿದ. ಮೆಟ್ಟಿಲ ಕಟಕಟೆಯ ಮೇಲೆ ಊರಿದ ಅವಳ ಕೈ ಮಾತ್ರ ಕಾಣುತ್ತಿತ್ತು.

"ಏನಾಯ್ತು?" ಎಂದ.

"ಏನಿಲ್ಲ" ಎಂದಿತು ಕೆಳಗಿನ ದನಿ. "ಬಂದೆ."

ಕೈ ಅಲ್ಲಿಂದ ಕದಲಲಿಲ್ಲ. ಅವನು ಬಾಗಿಕೊಂಡೇ ಆ ಬೆರಳುಗಳನ್ನು ನೋಡುತ್ತ ನಿಂತ, ಅವುಗಳ ಅರ್ಥ ಏನೆಂದು ಕೇಳಲು ಅಲ್ಲಿ ಇನ್ನೊಬ್ಬರು ಇರಲಿಲ್ಲ.